ಗಟ್ಟಿ ಹೆಣ್ಣುಮಗಳು ಬಿದ್ದ ದಿನ

ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಎಲ್ಲರೂ ಮಾತಾಡಿಸಲು ಹೋಗುತ್ತಾರೆ. ಬ್ರೆಡ್ಡು ಒಯ್ಯುತ್ತಾರೆ, ಚಹಾ ಕುಡಿದು ಬರುತ್ತಾರೆ. ನೇಕಾರ ಖಾಸಿಂಸಾಬನಿಗೆ ಗಂಟಲಿನ ಕ್ಯಾನ್ಸರ್ ಆದಾಗಲೂ ಹಾಗೇ ಆಯಿತು. ಹೆಂಡತಿ ಶಮಶಾದಬಿ ಬಂದವರಿಗೆಲ್ಲ ಚಹಾ ಕಾಸಿದಳು. "ಗಟ್ಟಿ ಹೆಣ್ಮಗಳು" ಎಂದು ಹೊಗಳಿ ಎಲ್ಲರೂ ಮನೆಗೆ ಹೋದರು. ಹೊಗಳುವುದಕ್ಕೆ ಏನು ಖರ್ಚು?

ಆಸ್ಪತ್ರೆಯಲ್ಲಿ ಔಷಧ ಏರಿಸಿಕೊಂಡು ಬಂದಮೇಲೆ ಅವನಿಗೆ ಒಗ್ಗರಣೆಯ ವಾಸನೆ ಬಡಿದರೆ ವಾಂತಿ. ಅದಕ್ಕೇ ಅವಳು ಅಡುಗೆ ಬಿಟ್ಟಳು. ಅವನಿಗೆ ಗಂಜಿ ಕುಡಿಸಿ, ಉಳಿದದ್ದನ್ನು ತಾನು ಕುಡಿಯುತ್ತಿದ್ದಳು. ಒಂದು ಮುಂಜಾನೆ ನಳದ ಹತ್ತಿರ ಕೊಡ ಹೊತ್ತವಳು ಕುಸಿದು ಬಿದ್ದಳು.

ಆಶಾ ಕಾರ್ಯಕರ್ತೆ ಹನಮವ್ವ ಓಡಿ ಬಂದು, ಅವಳನ್ನು ಎಬ್ಬಿಸಿ ಮನೆಯ ಪಡಸಾಲೆಗೆ ಕರೆತಂದಳು. ಅಲ್ಲಿ ಖಾಸಿಂಸಾಬನ ಅಕ್ಕ ಖೈರುನಬಿ ಶಿಗ್ಲಿಯಿಂದ ಬಂದು ಕುಳಿತಿದ್ದಳು.

"ಜಡ್ಡು ಅವಂಗ, ಬೀಳಾಕಿ ಇಕಿ. ಗಂಡನ ಸೇವಾ ಅಷ್ಟು ಭಾರ ಆತೇನು?" ಎಂದಳು ಖೈರುನಬಿ.

"ಭಾರನ ಐತ್ರಿ ಆಪಾ," ಎಂದಳು ಹನಮವ್ವ. "ನಿದ್ದಿ ಇಲ್ಲ, ಊಟ ಇಲ್ಲ, ಅಳಾಕ ಜಾಗಾ ಇಲ್ಲ. ಇಕಿ ಬಿದ್ರ ಅವರನ್ನ ಎತ್ತೋರು ಯಾರು?"

"ನಾ ವಾರಕ್ಕೊಮ್ಮೆ ಬರ್ತೇನಲ್ಲ?"

ಶಮಶಾದಬಿ ಆಗ ಬಾಯಿ ಬಿಟ್ಟಳು. "ನೀವು ಬಂದ ದಿನ ನನಗ ಒಂದು ಕೆಲಸ ಹೆಚ್ಚು, ಆಪಾ. ಇವರು ಜಲ್ದಿ ಹೋದ್ರ ನಾ ಮಲಗೇನು ಅಂತ ಒಮ್ಮೊಮ್ಮೆ ಅನಸ್ತೈತಿ. ಹಂಗ ಅನಿಸಿದ್ದಕ್ಕ ನನ್ನ ಮ್ಯಾಲ ನನಗ ಹೇಸಿಗಿ."

ಒಳಗೆ ಮಲಗಿದ್ದ ಖಾಸಿಂಸಾಬನಿಗೆ ಅದು ಕೇಳಿಸಿತು. ಮಂಚದ ಪಟ್ಟಿ ಬಡಿದು ಅವರನ್ನು ಕರೆದ. ಅಕ್ಕನಿಗೆ ಇಲ್ಲಿ ಕೂಡು ಎಂದು, ಹೆಂಡತಿಗೆ ನೀನು ಹೋಗು ಎಂದು ಕೈಸನ್ನೆ ಮಾಡಿದ.

"ಅದು ಪಾಪ ಅಲ್ಲವ್ವಾ," ಎಂದಳು ಹನಮವ್ವ. "ದಣಿದ ಮನಸ್ಸು ಹಂಗ ಮಾತಾಡತೈತಿ. ಮನಸ್ಸಿನ ತ್ರಾಸಿಗೆ ಸರಕಾರದವರು ಇಟ್ಟ ನಂಬರ್ ಐತಿ, 14416ಕ್ಕ ಫೋನ್ ಹಚ್ಚು. ರೊಕ್ಕ ಹತ್ತೂದಿಲ್ಲ. ಕನ್ನಡದಾಗ ಸಮಾಧಾನಲೆ ಕೇಳ್ತಾರ."

ನೆರೆಮನೆಯ ಗದಿಗೆವ್ವ ಶಮಶಾದಬಿಯನ್ನು ತನ್ನ ಮನೆಗೆ ಕರೆದೊಯ್ದು ರೊಟ್ಟಿ, ಪಲ್ಯ ಬಡಿಸಿದಳು. ಅವಳು ತಲೆ ಎತ್ತದೆ ಉಂಡು, ಅಲ್ಲೇ ಮಲಗಿದಳು. ಇತ್ತ ಖೈರುನಬಿ ಗಂಜಿ ಕುಡಿಸಿದಳು, ವಾಂತಿ ಬಳಿದಳು, ಹಾಸಿಗೆ ಬದಲಿಸಿದಳು. ಸಂಜೆಗೆ ಗೋಡೆಗೆ ಒರಗಿ ಹೇಳಿದಳು: "ಒಂದು ದಿನಕ್ಕ ನನ್ನ ನಡಾ ಬಿತ್ತು. ಇನ್ನ ವಾರದಾಗ ಎರಡು ದಿನ ನಾ ನೋಡ್ಕೋತೇನಿ. ಇಕಿ ಮಲಗ್ಲಿ."

ಖಾಸಿಂಸಾಬ ಗುಣವಾಗುತ್ತಾನೋ ಇಲ್ಲವೋ, ಡಾಕ್ಟರರೂ ಹೇಳುತ್ತಿಲ್ಲ.

ಓದುವವರೇ, ಇಂಥ ಮನೆ ನಿಮ್ಮ ಓಣಿಯಲ್ಲೂ ಇದ್ದೀತು. ಅರ್ಧ ದಿನ ರೋಗಿಯ ಬಳಿ ನೀವು ಕುಳಿತು, ನೋಡಿಕೊಳ್ಳುವವರನ್ನು ಹೊರಗೆ ಕಳಿಸಿರಿ. ನೋಡಿಕೊಳ್ಳುವವರೇ, ನನಗೆ ಸಾಕಾಗಿದೆ ಎಂದು ನಿಂತಿರುವಾಗಲೇ ಹೇಳಿರಿ.