ಥಿಯೋನನ ಹೆಸರು ಹೊತ್ತ ಚೂರು

ನಾನು ಒಂದು ಬಟ್ಟಲಿನ ತಳದ ಚೂರು. ಹುಟ್ಟಿದ್ದು ಬಹಳ ಹಿಂದೆ, ಗ್ರೀಸಿನ ಅಥೆನ್ಸ್ ನಗರದ ಕುಂಬಾರರ ಬೀದಿಯಲ್ಲಿ. ಆಗ ಇಡೀ ಬಟ್ಟಲಾಗಿದ್ದೆ. ಕುಂಬಾರ ನನ್ನ ತಳದಲ್ಲಿ ಕಪ್ಪು ಬಣ್ಣದಿಂದ ಒಂದು ಮೊಲ ಬರೆದು, ಮರೆತು ಮೂರೇ ಕಾಲು ಹಾಕಿದ.

ಹಡಗು ಕಟ್ಟುವ ಥಿಯೋನ್ ಆ ಮೊಲ ನೋಡಿ ನಕ್ಕು ನನ್ನನ್ನು ಮನೆಗೆ ಒಯ್ದ. ಅವನ ಮನೆಯ ಔತಣಗಳಲ್ಲಿ ದ್ರಾಕ್ಷಾರಸ ತುಂಬಿಕೊಂಡು ಕೈಯಿಂದ ಕೈಗೆ ಹೋಗುತ್ತಿದ್ದೆ. ಹೆಚ್ಚು ಹೊತ್ತು ಇರುತ್ತಿದ್ದುದು ಡೆಕ್ಸಿಯೋಸನ ಕೈಯಲ್ಲಿ. ತಂದೆ ಸತ್ತ ಮೇಲೆ ಥಿಯೋನನ ಮನೆಯಲ್ಲೇ ಬೆಳೆದವನು ಅವನು. ಗೆಳೆತನದ ಬಗ್ಗೆ, ಬದುಕುವ ರೀತಿಯ ಬಗ್ಗೆ ಅವನಷ್ಟು ಚೆನ್ನಾಗಿ ಮಾತಾಡುವವರು ಊರಲ್ಲಿರಲಿಲ್ಲ. ಥಿಯೋನನದು ಕಡಿಮೆ ಮಾತು. ಒಮ್ಮೆ ಮಾತ್ರ ಹೇಳಿದ: "ನನ್ನ ಕಷ್ಟಕ್ಕೆ ಅಳೋರು ಬೇಕಾದಷ್ಟು ಜನ ಸಿಗ್ತಾರೆ. ನನಗೆ ಒಳ್ಳೇದಾದಾಗ ಮುಖ ಬಾಡದವನು ಒಬ್ಬ ಸಿಕ್ಕರೆ ಸಾಕು."

ಒಂದು ವರ್ಷ ಜನ ಥಿಯೋನನನ್ನು ಸೇನಾಪತಿಯಾಗಿ ಆರಿಸಿದರು. ಅದೇ ಸ್ಥಾನಕ್ಕೆ ಡೆಕ್ಸಿಯೋಸನೂ ನಿಂತಿದ್ದ. ಸುದ್ದಿ ಬಂದಾಗ ನಾನು ಅವನ ಕೈಯಲ್ಲಿದ್ದೆ. ಬೆರಳುಗಳು ಬಿಗಿದವು. ಹಿಡಿ ಮುರಿದು ಕಲ್ಲು ನೆಲಕ್ಕೆ ಬಿದ್ದು ಚೂರು ಚೂರಾದೆ.

"ಹೋಗ್ಲಿ ಬಿಡೋ, ನಿನ್ನ ಕೈಗೇನೂ ಆಗ್ಲಿಲ್ವಲ್ಲ?" ಎಂದ ಥಿಯೋನ್.

"ಇದು ನನ್ನ ಹತ್ರ ಇರಲಿ, ನೆನಪಿಗೆ," ಎಂದು ಡೆಕ್ಸಿಯೋಸ್ ಮೊಲವಿದ್ದ ತಳದ ಚೂರನ್ನು, ಅಂದರೆ ನನ್ನನ್ನು, ಎತ್ತಿಕೊಂಡ.

ಅಥೆನ್ಸಿನಲ್ಲಿ ಒಂದು ಪದ್ಧತಿಯಿತ್ತು. ಊರಿಗೆ ಅಪಾಯವೆನಿಸಿದವನ ಹೆಸರನ್ನು ಜನ ಮಡಕೆ ಚೂರಿನ ಮೇಲೆ ಗೀಚಿ ಹಾಕುವರು. ಹೆಚ್ಚು ಚೂರು ಬಿದ್ದವನು ಹತ್ತು ವರ್ಷ ಊರು ಬಿಡಬೇಕು. ಅಪರಾಧ ಮಾಡಿರಬೇಕೆಂದೇನೂ ಇಲ್ಲ. ಥಿಯೋನ್ ರಾಜನಾಗಲು ಹೊರಟಿದ್ದಾನೆಂದು ಡೆಕ್ಸಿಯೋಸ್ ಬೀದಿ ಬೀದಿಯಲ್ಲಿ ಪಿಸುಗುಟ್ಟಿದ. ಕೊನೆಗೆ ಮೊಳೆಯಿಂದ ನನ್ನ ಮೈಮೇಲೆ ಗೆಳೆಯನ ಹೆಸರನ್ನು ಕೆತ್ತಿದ. ನಿಧಾನವಾಗಿ, ಅಂದವಾಗಿ ಕೆತ್ತಿದ.

ಎಣಿಕೆಯಲ್ಲಿ ಥಿಯೋನ್ ಸೋತ. ಚೂರುಗಳನ್ನು ಹಳ್ಳಕ್ಕೆ ಸುರಿದರು. ಮರುದಿನ ಅವನು ಅಲ್ಲಿಗೆ ಬಂದು, ಕುಕ್ಕರುಗಾಲಲ್ಲಿ ಕೂತು, ತನ್ನ ಹೆಸರಿದ್ದ ಒಂದೊಂದೇ ಚೂರನ್ನು ಎತ್ತಿ ನೋಡುತ್ತಿದ್ದ. ನನ್ನನ್ನು ಮಗುಚಿದ. ಮೊಲ ಕಂಡಿತು. ನನ್ನನ್ನು ಹಿಡಿದುಕೊಂಡು ನೇರವಾಗಿ ಡೆಕ್ಸಿಯೋಸನ ಮನೆಗೆ ಹೋದ.

"ನಾನು ನಿನಗೇನು ಕೆಟ್ಟದ್ದು ಮಾಡಿದ್ದೆ?"

ಡೆಕ್ಸಿಯೋಸ್ ಸುಳ್ಳು ಹೇಳಲಿಲ್ಲ. "ಏನೂ ಮಾಡ್ಲಿಲ್ಲ. ಊಟ ಹಾಕ್ದೆ, ಮಲಗೋಕೆ ಜಾಗ ಕೊಟ್ಟೆ. ಊರೆಲ್ಲ ನನ್ನನ್ನ 'ಥಿಯೋನನ ಗೆಳೆಯ' ಅಂತಾನೇ ಕರೀತು. ನೀನು ಒಂದು ದಿನ ಕೆಟ್ಟವನಾಗಿದ್ದಿದ್ರೆ ನಾನು ನಿನ್ನನ್ನ ಕ್ಷಮಿಸಬಹುದಿತ್ತು."

ಥಿಯೋನ್ ನನ್ನನ್ನು ಚೀಲದಲ್ಲಿಟ್ಟುಕೊಂಡು ಒಂದು ದ್ವೀಪಕ್ಕೆ ಹೋದ. ಮೂರನೆಯ ಚಳಿಗಾಲದಲ್ಲಿ ಜ್ವರ ಬಂತು. ಪಕ್ಕದ ಗುಡಿಸಲಿನ ಮೀನುಗಾರ ಹೆಂಗಸು ಕ್ಲೇನೋ ನೀರು ಕುಡಿಸುತ್ತಿದ್ದಳು. "ಅಥೆನ್ಸಿನ ದೋಣಿ ಬಂತಾ?" ಎಂದು ಅವನು ದಿನವೂ ಕೇಳುತ್ತಿದ್ದ. ಯಾರೂ ಬರದೆಯೇ ಸತ್ತ. ಅವನ ಚೀಲ ಅವಳಿಗೆ ಉಳಿಯಿತು.

ಬೇಸಿಗೆಯಲ್ಲಿ ಬಂದ ನಾವಿಕನೊಬ್ಬ ಹೇಳಿದ: "ಈಗ ಡೆಕ್ಸಿಯೋಸನೇ ಸೇನಾಪತಿ. ಥಿಯೋನ್ ಹೋದ ಸುದ್ದಿ ಬಂದಾಗ ಸಭೆಯಲ್ಲಿ ಎದ್ದು ನಿಂತು ಗೆಳೆತನದ ಬಗ್ಗೆ ಮಾತಾಡಿದ ನೋಡು, ಅಳದವರೇ ಇಲ್ಲ."

"ಅವನೂ ಅತ್ನಾ?" ಎಂದಳು ಕ್ಲೇನೋ.

"ಎಲ್ಲರಿಗಿಂತ ಹೆಚ್ಚು."

ಅವಳು ನನ್ನ ಅಂಚಿನಿಂದ ಮೀನಿನ ಹುರುಪೆ ಕೆರೆಯುತ್ತ ಕುಳಿತಳು. ಅವಳಿಗೆ ಓದು ಬರುತ್ತಿರಲಿಲ್ಲ.

ಅಂಚು ಸವೆದ ಮೇಲೆ ಅವಳು ನನ್ನನ್ನು ಹಿತ್ತಲ ತಿಪ್ಪೆಗೆ ಎಸೆದಳು. ಈಗಲೂ ಅಲ್ಲೇ, ಮಣ್ಣಿನಡಿ ಇದ್ದೇನೆ. ಮುಂದೆ ಯಾರಾದರೂ ಅಗೆದು ತೆಗೆದರೆ ಹೆಸರು ಓದಿ, ಇವನೇನೋ ಊರಿಗೆ ಕೇಡು ಬಗೆದವನಿರಬೇಕು ಎಂದುಕೊಳ್ಳುತ್ತಾರೆ. ಕೆತ್ತಿದವನ ಹೆಸರು ನನ್ನ ಮೇಲಿಲ್ಲ.