ಕುಮಿಸ್ ಕುಡಿಯಲು ಬಂದ ಮೇಷ್ಟ್ರು

ಹಾಸಿಗೆ ಕೊಡವಿದಾಗ ಮಾತ್ರೆಗಳ ಪೊಟ್ಟಣ ಸೈರಾಗುಲ್‌ಳ ಕಾಲ ಬಳಿ ಬಿತ್ತು. ಎತ್ತಿ ನೋಡಿದಳು. ಒಂದು ಮಾತ್ರೆಯೂ ಖರ್ಚಾಗಿರಲಿಲ್ಲ.

ಪೊಟ್ಟಣ ಜುಮಾಬೆಕ್ ಮೇಷ್ಟ್ರದು. ಬೇಸಿಗೆ ಬಂತೆಂದರೆ ಪಟ್ಟಣದವರು ಬೆಟ್ಟದ ಮೇಲಿನ ಈ ಹುಲ್ಲುಗಾವಲಿಗೆ ಕುಮಿಸ್ ಕುಡಿಯಲು ಬರುತ್ತಾರೆ. ಹೊಗೆ ಹಾಕಿದ ಚರ್ಮದ ಚೀಲದಲ್ಲಿ ಕುದುರೆ ಹಾಲನ್ನು ಕಡೆದು ಹುಳಿ ಬರಿಸಿ ಈ ಪಾನೀಯ ಮಾಡುವುದರಲ್ಲಿ ಸೈರಾಗುಲ್‌ಳದು ಎತ್ತಿದ ಕೈ. ಅದನ್ನು ಹೊಗಳಿಕೊಳ್ಳುವುದರಲ್ಲೂ ಅಷ್ಟೇ. ಹೊಟ್ಟೆಗೆ ಒಳ್ಳೆಯದು, ಚೆನ್ನಾಗಿ ಹಸಿವಾಗುತ್ತದೆ ಎನ್ನುವಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮೇಷ್ಟ್ರು ಬಂದ ಸಂಜೆ ಹೃದಯದ ಮಾತ್ರೆ ನುಂಗಲು ನೀರು ಕೇಳಿದಾಗ ಅವಳು ನಕ್ಕುಬಿಟ್ಟಿದ್ದಳು.

"ಕುಮಿಸ್ ಮುಂದೆ ಅದೇನ್ ಮಹಾ, ಮೇಷ್ಟ್ರೇ! ಬಿಸಾಕಿ ಅತ್ಲಾಗೆ. ನನ್ ಚೀಲ ಖಾಲಿ ಆಗೋದ್ರೊಳಗೆ ಕುದುರೆ ಹಂಗೆ ಓಡ್ತೀರಿ."

ಆ ಮಾತು ಅವಳಿಗೆ ಮರೆತೇ ಹೋಗಿತ್ತು. ಬರಬರುತ್ತ ಮೇಷ್ಟ್ರ ಮುಖ ದುಂಡಗಾದಾಗ, "ನೋಡಿ, ಹೆಂಗೆ ಮೈ ತುಂಬ್ಕೊಂಡಿದ್ದಾರೆ!" ಎಂದು ಬಂದವರಿಗೆಲ್ಲ ಅವಳೇ ತೋರಿಸಿದ್ದಳು. ಅದನ್ನು ನಂಬಿ ಇವತ್ತು ಕೆಳಗಿನ ಹಳ್ಳಿಯವರು ತಮ್ಮ ಮನೆಯ ರೋಗಿಗಳನ್ನು ಕರೆತರುವವರಿದ್ದರು.

ಪೊಟ್ಟಣವನ್ನು ಮತ್ತೆ ಹಾಸಿಗೆಯಡಿ ತೂರಿಸಿ ಸುಮ್ಮನಿದ್ದುಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ತನ್ನ ಮೇಲೆ ಅಸಹ್ಯವಾಯಿತು.

ಡೇರೆಯ ಬಾಗಿಲಲ್ಲಿ ಮೇಷ್ಟ್ರು ಬೂಟಿನೊಂದಿಗೆ ಗುದ್ದಾಡುತ್ತಿದ್ದರು. ಅವಳ ಗಂಡ ಎಸೆನ್ ಪಕ್ಕದಲ್ಲಿ ಜೀನು ಹೊಲಿಯುತ್ತ ನಗುತ್ತಿದ್ದ.

"ಬಾರಮ್ಮ ಸೈರಾ, ನಿನ್ ಕುಮಿಸ್ ಕುಡ್ದು ಕಾಲೂ ದಪ್ಪ ಆಗೋಯ್ತು! ಬೂಟೇ ಹಿಡೀತಿಲ್ಲ," ಎಂದರು ಮೇಷ್ಟ್ರು. ಅಷ್ಟು ಹೇಳುವುದರೊಳಗೆ ಅವರಿಗೆ ಏದುಸಿರು ಬಂದಿತ್ತು.

ಅವಳು ಕೂತು ಅವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿದಳು. ನಾದಿದ ಹಿಟ್ಟಿನಲ್ಲಿ ಬೀಳುವ ಹಾಗೆ ಗುಳಿ ಬಿತ್ತು. ಕೊನೆಗಾಲದಲ್ಲಿ ಅವಳ ತಾಯಿಯ ಕಾಲೂ ಹೀಗೇ ಇತ್ತು.

"ಇದು ಮೈ ತುಂಬಿರೋದಲ್ಲ ಮೇಷ್ಟ್ರೇ, ನೀರು ತುಂಬಿರೋದು. ಮಾತ್ರೆ ಯಾಕ್ ಬಿಟ್ರಿ?"

"ನೀನೇ ಅಲ್ವೇನಮ್ಮ ಬಿಸಾಕಿ ಅಂದಿದ್ದು?"

ಅವರ ದನಿಯಲ್ಲಿ ದೂರಿರಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಹೃದಯದ ವಿಷ್ಯ ನಂಗೇನ್ ಗೊತ್ತು? ಬಡಾಯಿ ಕೊಚ್ಕೊಂಡೆ, ತಪ್ಪಾಯ್ತು." ಪೊಟ್ಟಣವನ್ನು ಅವರ ಕೈಗಿಟ್ಟು ಗಂಡನತ್ತ ತಿರುಗಿದಳು. "ರೀ, ಜೀಪ್ ತೆಗೀರಿ. ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

"ಬರೋರ್ ಮುಂದೆ ಮಾನ ಹೋಗುತ್ತಲ್ಲೇ," ಎಸೆನ್ ಪಿಸುಗುಟ್ಟಿದ.

"ಹೋಗ್ಲಿ, ಏಳಿ."

ಇಳಿಜಾರಿನಲ್ಲಿ ಕುದುರೆಗಳ ಮೇಲೆ ಬರುತ್ತಿದ್ದವರು ಆಗಲೇ ಕಾಣಿಸುತ್ತಿದ್ದರು. ಮೇಷ್ಟ್ರು ಪೊಟ್ಟಣ ಹಿಡಿದ ಕೈಯನ್ನೇ ಎತ್ತಿ, "ಬನ್ನಿ ಬನ್ನಿ! ಔಷ್ದಿ ಅಂದ್ರೆ ನಮ್ ಸೈರಾ ಕುಮಿಸ್ಸೇ!" ಎಂದು ಉಬ್ಬಸದಲ್ಲೇ ಕೂಗಿದರು. ಸೈರಾಗುಲ್ ತಲೆಯೆತ್ತಲಿಲ್ಲ. ತೊಡೆಯ ಮೇಲಿನ ಕಾಲಿನಲ್ಲಿ ಅವಳ ಹೆಬ್ಬೆರಳಿನ ಗುಳಿ ಇನ್ನೂ ತುಂಬಿರಲಿಲ್ಲ.