ಕುಣಿಗಲ್ಲಿಗೆ ಹಾರಿದ ಮಡಿಲುಗಾಯಿ

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೆ ನನ್ನ ತೋಟದ ಎಳನೀರೆಲ್ಲ ನಾಳೆ ಬೆಳಗಾಗುವುದರಲ್ಲಿ ಉಪ್ಪುನೀರಾಗಲಿ.

ನಿಟ್ಟೂರಿನಲ್ಲಿ ರೈಲು ಹಳಿಯ ಪಕ್ಕದ ತೋಟ ನನ್ನದು. ಬೆಟ್ಟಸ್ವಾಮಿ ತೋಟ ಎಂದರೆ ಯಾರಾದರೂ ತೋರಿಸುತ್ತಾರೆ. ಮೊದಲು ಕರೆಂಟು ಯಾವಾಗ ಬರುತ್ತದೆಂದು ಕರೆಂಟಿಗೇ ಗೊತ್ತಿರಲಿಲ್ಲ. ಹೋದ ಆಷಾಢದಲ್ಲಿ ಬೋರಿನ ಪಕ್ಕ ಎಂಟು ಸೋಲಾರ್ ಪ್ಲೇಟು ಹಾಕಿಸಿದೆ. ಬಿಸಿಲು ಬಿದ್ದರೆ ಸಾಕು, ಮೋಟರ್ ಓಡುತ್ತದೆ. ಬಿಲ್ಲಿಲ್ಲ, ಯಾರನ್ನೂ ಕಾಯಬೇಕಾಗಿಲ್ಲ. ಮೊದಲ ದಿನ ನೀರು ಎಷ್ಟು ಜೋರಾಗಿ ಬಂತೆಂದರೆ, ಪೈಪಿನ ಬಾಯಿಗೆ ಅಡ್ಡ ಬಂದ ಎಮ್ಮೆ ಮೂರು ಹೊಲ ದಾಟಿ ಹೋಗಿ ನಿಂತಿತು. ಮೈ ಮಾತ್ರ ಫಳಫಳ ಹೊಳೆಯುತ್ತಿತ್ತು.

ಕಾರ್ತಿಕ ಬಂತು, ಸೂರ್ಯ ದಕ್ಷಿಣಕ್ಕೆ ವಾಲಿದ. ಆ ದಿಕ್ಕಿನಲ್ಲಿ ನಿಂತಿತ್ತು ನನ್ನ ಹೆಂಡತಿ ಚೆನ್ನಮ್ಮನ ತೆಂಗಿನಮರ. ಮದುವೆಯಲ್ಲಿ ಕುಣಿಗಲ್ಲಿನ ತವರಿನವರು ಮಡಿಲು ತುಂಬಿ ಕೊಟ್ಟ ಕಾಯನ್ನು ಅವಳು ಒಡೆಯದೆ ಮೊಳಕೆ ಬರಿಸಿ ನೆಟ್ಟಿದ್ದಳು. ಹನ್ನೊಂದು ಗಂಟೆಗೆ ಮರದ ನೆರಳು ಪ್ಲೇಟಿನ ಮೇಲೆ ಮಲಗುತ್ತಿತ್ತು. ಮೋಟರೂ ಮಲಗುತ್ತಿತ್ತು.

ಪ್ಲೇಟು ಕೂರಿಸಿದ್ದ ಶಮಂತ್ ಸತ್ಯಮಂಗಲದಿಂದ ಬಂದು ನೋಡಿದ.

"ಒಂದ್ ಪ್ಲೇಟಿಗೆ ನೆರಳು ಬಿದ್ರೂ ಇಡೀ ಲೈನೇ ಡಲ್ ಆಗತ್ತೆ ಯಜಮಾನ್ರೇ. ಮರ ತೆಗ್ಸಿಬಿಡಿ."

ಹುಲ್ಲು ಕೊಯ್ಯುತ್ತಿದ್ದ ಚೆನ್ನಮ್ಮ ಕುಡುಗೋಲಿನ ಸಮೇತ ಎದ್ದಳು. "ಏನಪ್ಪಾ, ನಮ್ಮಪ್ಪನ್ ಮನೆ ಮರ ನಿನ್ ಕಣ್ಣಿಗೆ ಕಳೆ ಥರ ಕಾಣ್ತದಾ? ಮರ ಬಿದ್ ದಿನ ನಾನು ಕುಣಿಗಲ್ ಬಸ್ ಹತ್ತೋದೇ. ಆಮೇಲೆ ಇವ್ರು ಪ್ಲೇಟ್ ಮೇಲೇ ಮುದ್ದೆ ಬೇಯಿಸ್ಕೊಂಡ್ ತಿನ್ಲಿ!"

ಅವಳು ಅಂದರೆ ಅಂದ ಹಾಗೆ ಮಾಡುವವಳು. ನನಗೆ ಮರವೂ ಉಳಿಯಬೇಕು, ಹೆಂಡತಿಯೂ ಉಳಿಯಬೇಕು, ಹೊಸದಾಗಿ ನೆಟ್ಟ ಇನ್ನೂರು ಸಸಿಗೆ ನೀರೂ ಆಗಬೇಕು. ಯೋಚನೆ ಮಾಡಿದೆ. ಮರದ ತಲೆಗೆ ಹಗ್ಗ ಕಟ್ಟಿದೆ, ಹಗ್ಗಕ್ಕೆ ಜೋಡೆತ್ತು ಕಟ್ಟಿದೆ. ಹನ್ನೊಂದಕ್ಕೆ ಮರವನ್ನು ಪಕ್ಕಕ್ಕೆ ಬಗ್ಗಿಸುವುದು, ಎರಡಕ್ಕೆ ಮೆಲ್ಲಗೆ ಬಿಡುವುದು. ಎಂಟು ದಿನ ನೀರು ಧೋ ಎಂದು ಬಂತು.

ಒಂಬತ್ತನೆಯ ದಿನ ಬಲಗಡೆಯ ಎತ್ತು ಸೀನಿತು. ಹಗ್ಗ ಹರಿಯಿತು. ಬಿಲ್ಲಿನ ಹಾಗೆ ಬಗ್ಗಿದ್ದ ಮರ ಸುಂಯ್ ಎಂದು ಎದ್ದು ನಿಂತಿತು. ಅದರ ತಲೆಯಿಂದ ಒಂದು ಕಾಯಿ ಹೊರಟಿತು ನೋಡಿ, ಹೆಬ್ಬೂರು ದಾಟುವಾಗ ಹದ್ದುಗಳು ದಾರಿ ಬಿಟ್ಟುಕೊಟ್ಟವಂತೆ.

ಅರ್ಧ ಗಂಟೆಗೆ ಫೋನು ಬಂತು. ನನ್ನ ಬಾಮೈದ ಗಂಗಾಧರ, ಕುಣಿಗಲ್ಲಿನಿಂದ.

"ಬಾವ, ಅಕ್ಕನ್ ಮರದ ಕಾಯಿ ನಮ್ ರಾಗಿ ರಾಶಿಗೆ ಬಂದ್ ಬಿದ್ದದೆ."

"ಅದೇ ಅಂತ ಹೆಂಗ್ ಹೇಳ್ತೀಯ್ಲಾ?"

"ಆ ಸೊಟ್ಟ ಮೂತಿ ಕಾಯಿ ನಮ್ ಹಿತ್ಲು ತಳಿದಲ್ದೆ ಇನ್ಯಾವ್ದು? ಮಡಿಲುಗಾಯಿ ವಾಪಸ್ ಬಂದದೆ, ಇನ್ ಮಗಳೂ ವಾಪಸ್ ಬತ್ತಾಳೆ ಅಂತ ಅವ್ವ ಹೊಸ್ತಿಲ ಮೇಲೆ ಕೂತು ಅಳ್ತಾವ್ಳೆ. ಏನ್ ಬಾವ, ಅಕ್ಕನ್ನ ಬುಟ್ಬುಟ್ರಾ?"

ಪಕ್ಕದಲ್ಲೇ ಇದ್ದ ಚೆನ್ನಮ್ಮ ಎಲ್ಲ ಕೇಳಿಸಿಕೊಂಡು, ಒಳಗೆ ಹೋಗಿ ಬ್ಯಾಗು ತೆಗೆದಳು.

"ಏ, ಎತ್ತು ಸೀನ್ತು ಕಣೇ!"

"ನಮ್ಮವ್ವನ್ ಕಣ್ಣಲ್ಲಿ ನೀರ್ ಹಾಕ್ಸಿದ್ ಮೇಲೆ ಎತ್ತು ಸೀನಿದ್ರೆಷ್ಟು, ಕೆಮ್ಮಿದ್ರೆಷ್ಟು?"

ಅವಳು ಸೀರೆ ಮಡಿಸಿ ಮುಗಿಸುವುದರೊಳಗೆ ಗಂಗಾಧರ ಬೈಕಿನಲ್ಲಿ ಬಂದಿಳಿದ. ಮರ ನೋಡಿದ, ಎತ್ತು ನೋಡಿದ, ಪ್ಲೇಟು ನೋಡಿದ, ಕೊನೆಗೆ ನನ್ನನ್ನು ನೋಡಿದ.

"ಅಲ್ಲಾ ಬಾವ, ಮರಕ್ಕೆ ಬೇರು ಅದೆ, ಅದೆಲ್ಲಿಗ್ ಹೋದದು? ನಿಮ್ ಪ್ಲೇಟಿಗೂ ಬೇರು ಅದಾ?"

ಮೊದಲು ನಕ್ಕವಳು ಚೆನ್ನಮ್ಮನೇ.

ತುಕ್ಕು ಹಿಡಿದಿದ್ದ ಟ್ರಾಕ್ಟರ್ ಟ್ರೈಲರನ್ನು ಹೊರಗೆಳೆದೆವು. ಶಮಂತ್ ಬಂದು ಎಂಟೂ ಪ್ಲೇಟನ್ನು ಅದರ ಮೇಲೆ ಕೂರಿಸಿ, ಉದ್ದದ ಕೇಬಲ್ ಕೊಟ್ಟ. ಈಗ ನೆರಳು ಬಂದರೆ ನಾವು ಟ್ರೈಲರ್ ತಳ್ಳುತ್ತೇವೆ. ಮೋಡ ಕವಿದ ದಿನ ಮೋಟರ್ ಆಕಳಿಸುತ್ತದೆ, ಧೂಳು ಒರೆಸದಿದ್ದರೆ ಮುನಿಯುತ್ತದೆ, ಸಂಜೆ ಆರರ ಮೇಲೆ ದೇವರೇ ಬಂದು ಕೇಳಿದರೂ ನೀರು ಕೊಡುವುದಿಲ್ಲ. ಆದರೂ ಇನ್ನೂರು ಸಸಿಯೂ ನನ್ನ ಎದೆಮಟ್ಟಕ್ಕೆ ಬಂದಿವೆ. ಬ್ಯಾಗು ಮತ್ತೆ ಅಟ್ಟಕ್ಕೆ ಹೋಗಿದೆ.

ಉಳಿದದ್ದು ನಮ್ಮತ್ತೆ ಗಿರಿಯಮ್ಮ. ಕಾಯಿ ತಾನೇ ಹಾರಿತು, ಅಳಿಯ ಎಸೆಯಲಿಲ್ಲ ಎಂದರೆ ಆಕೆ ಇವತ್ತಿಗೂ ನಂಬುವುದಿಲ್ಲ. ಮನೆಯವರ ಸಾಕ್ಷಿ ನಡೆಯುವುದಿಲ್ಲವಂತೆ, ಹೊರಗಿನವರೇ ಬೇಕಂತೆ. ನೀವು ಇಷ್ಟು ಹೊತ್ತು ಬಾಯಿ ಬಿಟ್ಟುಕೊಂಡು ಕೇಳಿದಿರಲ್ಲ, ನಾಳೆ ಬೆಳಗಿನ ಬಸ್ಸಿಗೆ ಕುಣಿಗಲ್ಲಿಗೆ ಹೊರಡಿ. ಎತ್ತು ಸೀನಿದ್ದನ್ನು ಕಣ್ಣಾರೆ ಕಂಡೆ ಎಂದು ಆಕೆಯ ಕೈ ಹಿಡಿದು ಹೇಳಿ ಬನ್ನಿ. ಬರಿಗೈಯಲ್ಲಿ ಹೋದರೆ ಚೆನ್ನಾಗಿರುವುದಿಲ್ಲ, ಎರಡು ಚಿಪ್ಪು ಬಾಳೆಹಣ್ಣು ನೀವೇ ತೆಗೆದುಕೊಳ್ಳಿ.